ಉಪ್ಪಿಲ್ಲದ ಪಚಡಿ

ರಾಣೇಬೆನ್ನೂರು
೮-೧೧-೨೦೦೬

ಬ್ಯಾಡಗಿಯ ಗನಿ ಅಣ್ಣನವರಿಗೆ, ನಿಮ್ಮ ಗೆಳೆಯ ರುದ್ರಮುನಿಯವರ ಹೆಂಡತಿ ಹೊನ್ನವ್ವ ಕೈಮುಗಿದು ಬರೆಯುವುದು.

ಫೋನ್ ಹಚ್ಚಿದರೆ ನೀವು ಎತ್ತುತ್ತಿಲ್ಲ. ಎತ್ತಬೇಡಿ, ಅದು ನ್ಯಾಯವೇ. ಆದರೆ ಈ ಕಾಗದ ಹರಿದುಹಾಕುವ ಮೊದಲು ಒಮ್ಮೆ ಓದಿರಿ.

ಇವರ ಬಿ.ಪಿ. ಇಳಿಯಲೆಂದು ಡಾಕ್ಟರು ಉಪ್ಪು ಬಿಡಿಸಿ, ಹಸಿ ಪಚಡಿ ಹೆಚ್ಚು ತಿನ್ನಲು ಹೇಳಿದ್ದರಲ್ಲ? ಅಂದಿನಿಂದ ನಾನು ಪಚಡಿಗೆ ಒಂದು ಹರಳು ಉಪ್ಪು ಮುಟ್ಟಿಸಲಿಲ್ಲ. ಸೌತೆಕಾಯಿ, ಗಜ್ಜರಿ, ಎಳೆ ಮೆಂತ್ಯ ಹೆಚ್ಚಿ, ಸಪ್ಪಗಾಗದಿರಲೆಂದು ನಾನೇ ಹುರಿದು ಖಾರದ ಪುಡಿಯಾಗಿ ಕುಟ್ಟಿದ ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕಲಸಿ ಬಡಿಸುತ್ತಿದ್ದೆ. ತಾಟು ತುಂಬ ತಿನ್ನುತ್ತಿದ್ದರು. ಬಿ.ಪಿ. ಮಾತ್ರ ಏರುತ್ತಲೇ ಹೋಯಿತು. ಮನೆಯಲ್ಲಿ ನಾನು ಇಷ್ಟು ಬಿಗಿ ಇರುವಾಗ ಉಪ್ಪು ಎಲ್ಲಿಂದ ಬರಬೇಕು? ರವಿವಾರಕ್ಕೊಮ್ಮೆ ಬಂದು ಇವರನ್ನು ತಿರುಗಾಡಲು ಕರೆದೊಯ್ಯುವವರು ನೀವು. ಹೊರಗೆ ಮಿರ್ಚಿ ಭಜಿ ತಿನ್ನಿಸುತ್ತೀರೆಂದು ತೀರ್ಮಾನಿಸಿಬಿಟ್ಟೆ.

ದಸರೆಯ ಮುಂದಿನ ರವಿವಾರ, ಓಣಿಯ ಮಂದಿಯೆದುರು, "ನನ್ನ ಗಂಡನ್ನ ಕೊಲ್ಲಾಕ ಬರ್ತೀರೇನ್ರಿ? ಇನ್ನ ಈ ಕಟ್ಟಿ ಹತ್ತಬ್ಯಾಡ್ರಿ" ಎಂದೆ. ನಿಮಗೆ ರಂಜಾನ್ ಉಪವಾಸ. ಒಣಗಿದ ತುಟಿಯಲ್ಲೇ "ಅಲ್ಲಾನ ಆಣಿ ತಂಗೆವ್ವ, ನಾ ಏನೂ ತಿನ್ನಿಸಿಲ್ಲ" ಎಂದಿರಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇವರೂ ನನ್ನ ಬಾಯಿಗಂಜಿ ತಲೆ ತಗ್ಗಿಸಿ ನಿಂತರು. ಈದಿಗೆ ನಿಮ್ಮ ಮನೆಯ ಸುರಕುಂಬಾ ಪಾಯಸ ಬರಲಿಲ್ಲ. ಇವರು ಮಧ್ಯಾಹ್ನದವರೆಗೆ ದಾರಿ ನೋಡಿ, ಉಣ್ಣದೆ ಮಲಗಿದರು.

ಮೊನ್ನೆ ಇವರ ಎಡಗೈ ಜೋಮು ಹಿಡಿಯಿತು. ದವಾಖಾನೆಗೆ ಕರೆದುಕೊಂಡು ಓಡಿದೆ. ಡಾಕ್ಟರು, "ಹಿಂಗ ಏರಿದ್ರ ಲಕ್ವಾ ಹೊಡಿತೈತ್ರಿ. ದಿನಾ ಏನ್ ತಿನ್ತಾರ, ತಗೊಂಡ ಬರ್ರಿ" ಎಂದರು. ನಿನ್ನೆ ಠೀವಿಯಿಂದಲೇ ಡಬ್ಬಿ ಒಯ್ದೆ. ಡಾಕ್ಟರು ಪಚಡಿ ಬಾಯಿಗಿಟ್ಟು ಮುಖ ಕಿವುಚಿದರು. "ಹಿಂಡಿಗೆ ಉಪ್ಪು ಹಾಕಿ ಕುಟ್ಟೀರೇನ್ರಿ?"

ಅಯ್ಯ ಶಿವನೇ! ಉಪ್ಪಿಲ್ಲದೆ ಯಾರು ಹಿಂಡಿ ಕುಟ್ಟುತ್ತಾರೆ ಅಣ್ಣಾ? ನಮ್ಮವ್ವ ಹಾಕುತ್ತಿದ್ದಳು, ನನ್ನ ಕೈಯೂ ತಾನಾಗಿ ಹಿಡಿ ತುಂಬ ಹಾಕುತ್ತದೆ. ಅದೂ ಉಪ್ಪೇ ಎಂದು ಹೊಳೆಯಲೇ ಇಲ್ಲ. ಸಪ್ಪೆ ಎಂದಾಗಲೆಲ್ಲ ಮೇಲೆ ಇನ್ನೊಂದು ಚಮಚ ನಾನೇ ಉದುರಿಸಿದೆ. ಇವರಿಗೆ ವಿಷ ಹಾಕಿದವಳು ನಾನು, ಬೈಸಿಕೊಂಡವರು ನೀವು.

ಇವತ್ತು ಬರೀ ಗುರೆಳ್ಳು ಹುರಿದು ಕುಟ್ಟಿದೆ. ಕೊತ್ತಂಬರಿ, ಪುದೀನ, ಹುರಿದ ಜೀರಿಗೆ, ನಿಂಬೆರಸ ಹಾಕಿ, ನಿಮ್ಮೂರಿನ ಮೆಣಸಿನಕಾಯಿ ಒಂದನ್ನು ಸುಟ್ಟು ನುರಿದೆ. ಉಪ್ಪು ಬೇಕೆನಿಸಲೇ ಇಲ್ಲ. ಆದರೂ ಇವರು ಎರಡು ತುತ್ತಿಗೆ ತಾಟು ಸರಿಸಿದರು. ನನಗೆ ಇವರು ಉಳಿಯಬೇಕು ಅಣ್ಣಾ. ನೀವಿಲ್ಲದೆ ಉಳಿಯುವ ಮನಸ್ಸೇ ಇವರಿಗಿಲ್ಲ.

"ಮನೆಗೆ ಬನ್ನಿ" ಎಂದು ಬರೆದು ಇವರಿಗೆ ಓದಿ ತೋರಿಸಿದೆ. "ಅದನ್ನ ಹೊಡದ ಹಾಕು. ಯಾವ ಮಾರಿ ಇಟಗೊಂಡು ಕರೀತಿ? ನಾವ ಹೋಗೂಣು" ಎಂದರು.

ರವಿವಾರ ಹತ್ತರ ಬಸ್ಸಿಗೆ ಬರುತ್ತೇವೆ. ನನ್ನನ್ನು ಬೈಯುವುದಿದ್ದರೆ ಹೊರಗೇ ನಿಲ್ಲಿಸಿ ಬೈಯಿರಿ, ಕೇಳುತ್ತೇನೆ. ಇವರನ್ನು ಮಾತ್ರ ಒಳಗೆ ಕರೆಯಿರಿ.

ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ತಂಗಿ ಎನ್ನಿಸಿಕೊಳ್ಳಲು ಬಾಯಿಲ್ಲದ,
ಹೊನ್ನವ್ವ