ಬದುಕಿದ್ದವರ ಹೆಸರು

ನವೆಂಬರ್ ೧೨, ಬುಧವಾರ. ರಾತ್ರಿ ಎರಡೂವರೆ. ಗೂಡ್ಸ್ ಗಾಡಿಯ ಸದ್ದಿಗೆ ಎಚ್ಚರವಾಯಿತು. ಅಪ್ಪನ ಸುದ್ದಿ ಇನ್ನೂ ಇಲ್ಲ.

ನನ್ನ ಮದುವೆ ಒಪ್ಪದೆ, "ಇನ್ನ ನಿನ್ನ ಪಾಲಿಗೆ ನಾ ಸತ್ತೆ" ಎಂದಿದ್ದರು ಅಪ್ಪ. ಆ ಸಿಟ್ಟಿಗೇ ಮಗನಿಗೆ ಅವರ ಹೆಸರಿಟ್ಟೆ, ಗುರಣ್ಣ. ನಮ್ಮಲ್ಲಿ ತೀರಿಕೊಂಡ ಹಿರಿಯರ ಹೆಸರನ್ನಷ್ಟೇ ಇಡುತ್ತಾರೆ.

ಅಪ್ಪನಿಗೆ ಭಾಳ ಜಡ್ಡು ಎಂದು ಕೇಳಿ ನಿನ್ನೆ ಕೂಸನ್ನು ಕರೆದುಕೊಂಡು ತವರಿಗೆ, ದೌಂಡಕ್ಕೆ ಬಂದೆ. ಕೂಸಿನ ಹೆಸರು ಕೇಳಿ ಅವ್ವ ಬೆಚ್ಚಿದಳು. "ಬದುಕಿದ್ದವರ ಹೆಸರು ಇಡ್ತಾರೇನ?"

ಹಾಸಿಗೆಯಲ್ಲೇ ಅಪ್ಪ ನಕ್ಕರು. "ಇರ್ಲಿ ಬಿಡ. ಕೂಸು ನನ್ನ ಹೆಸರು ತಗೊಳ್ಲಿ, ನನ್ನ ಸಿಟ್ಟು ಬ್ಯಾಡ." ನನ್ನ ಕಡೆ ನೋಡಲಿಲ್ಲ. ಕೂಸಿನ ಪಾದವನ್ನು ಮಾತ್ರ ಹಿಡಿದುಕೊಂಡೇ ಇದ್ದರು.

ಸಂಜೆ ಅವರಿಗೆ ಉಸಿರು ಕಟ್ಟತೊಡಗಿತು. ತಮ್ಮ ದೇವಾನಂದ ಪುಣೆಯ ಆಸ್ಪತ್ರೆಗೆ ಕರೆದೊಯ್ದ. "ಆ ಹೆಸರು ಹಿಡದು ಕರೀಬ್ಯಾಡವ್ವ" ಎಂದಳು ಅವ್ವ. ಇಂಥದ್ದನ್ನು ನಂಬದ ನಾನು, ಅಳುವ ಮಗನನ್ನು ಹೆಸರು ಕರೆಯದೆಯೇ ಮಲಗಿಸಿದೆ.

ದೇವಾ, ಅಪ್ಪ ಇದ್ದಾರೆ ಅಂತ ಅಷ್ಟೇ ಹೇಳು. ಬೆಳಕು ಹರಿಯುವ ಮೊದಲು ಒಂದು ಫೋನ್ ಮಾಡೋ, ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು…