ಶಿಳ್ಳೆ ಮೂಡದ ತುಟಿ

ಮಾರ್ಚ್ 4
ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯಿಂದ ಸೋರಿತು. ಕನ್ನಡಿ ನೋಡಿದೆ. ಬಲಗಣ್ಣು ಮುಚ್ಚದು, ಹುಬ್ಬು ಏಳದು. ಕಿವಿಯೊಳಗೆ ವಾರದಿಂದ ಬೊಕ್ಕೆ, ಉರಿ. ಚಳಿಗಾಳಿ ಹೊಡೆದಿರಬೇಕು. ಶಂಖ ಸಿಗುವ ಕಾಲ, ಬಿಡುವುದುಂಟೆ? ಹಾಗೇ ಮುಳುಗಿ ಹೆಕ್ಕಲು ಸಮುದ್ರಕ್ಕಿಳಿದೆ.

ಮಾರ್ಚ್ 15
ಓರಗಿತ್ತಿ ಗ್ಯೆಹ್ವಾ ಅಕ್ಕ ನಮ್ಮ ಜೆಜು ದ್ವೀಪದ ಪೇಟೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರ್ ತನ್ನ ಕೆನ್ನೆಗೆ ಅಂಗೈ ಒತ್ತಿ ಬೆರಳು ಅಗಲಿಸಿ ತೋರಿಸಿದ. ಕಿವಿಯ ಹಿಂದೆ ಮೂಳೆಯ ಸಣ್ಣ ಕೊಳವೆ, ಅದರಿಂದ ಹೊರಬರುವ ಒಂದು ನರ, ಐದು ಕವಲು — ಹಣೆಗೊಂದು, ಕಣ್ಣಿಗೊಂದು, ಮೇಲ್ದುಟಿಗೊಂದು, ಕೆಳದುಟಿಗೊಂದು, ಕುತ್ತಿಗೆಗೊಂದು. ವೈರಸ್ಸಿನಿಂದ ಆ ನರ ಕೊಳವೆಯೊಳಗೇ ಊದಿಕೊಂಡಿದೆಯಂತೆ.
"ಸ್ಟ್ರೋಕ್ ಅಲ್ಲಮ್ಮ. ಆದ್ರೆ ಮೊದಲ್ನೇ ದಿನವೇ ಬರ್ಬೇಕಿತ್ತು."
ಬಸ್ಸಿನಲ್ಲಿ ಅಕ್ಕ, "ಹೋಗ್ಲಿ ಬಿಡು, ಗಂಡನ್ನ ಬೈಯೋಕೆ ಅರ್ಧ ಬಾಯಿ ಸಾಕು" ಅಂದಳು. ನಕ್ಕೆ... ಒಂದೇ ಕಡೆ.

ಮೇ 20
ನರಕ್ಕೆ ಕರೆಂಟ್ ಕೊಟ್ಟು ಟೆಸ್ಟ್ ಮಾಡಿದರು. ಬಲಗೆನ್ನೆ ಅಲುಗಲೇ ಇಲ್ಲ. ಮಲಗುವಾಗ ಕಣ್ಣಿಗೆ ಮುಲಾಮು, ಟೇಪು.
ತುಟಿ ಕೂಡದೆ ಶಿಳ್ಳೆ ಹೊರಡದು. ಮುಳುಗುವ ಹೆಂಗಸರು ನಾವು ನೀರಿಂದ ಎದ್ದೊಡನೆ ಉಸಿರನ್ನು ಶಿಳ್ಳೆಯಾಗಿ ಬಿಡುತ್ತೇವೆ. ಅದು ಕೇಳಿದರೆ ಜೊತೆಗಾತಿ ಬದುಕಿದ್ದಾಳೆ ಅಂತ. ನನ್ನದು ಬರೀ ಫುಸ್ಸ್.
"ನೀನಿನ್ನು ನೀರಿಗೆ ಬರ್ಬೇಡ ಬೊಕ್ಸಿಲ್," ಅಂದಳು ಅಕ್ಕ.
"ಮನೇಲಿ ಕೂತ್ರೆ ಸತ್ತೇ ಹೋಗ್ತೀನಿ ಅಕ್ಕ."
ಅಕ್ಕ ತನ್ನ ತೇಲುಬುರುಡೆಯ ಹಗ್ಗ ಬಿಗಿದಳು.
"ಸರಿ. ಎದ್ದ ಕೂಡ್ಲೇ ಕೈ ಎತ್ತು. ನಾನು ನೋಡ್ತಿರ್ತೀನಿ."

ಜೂನ್ 9
ಬರೆಯಲು ಈಗ ಕೈ ಬಂತು. ಮೊನ್ನೆ ನೀರಿಗಿಳಿದಾಗ ಅಲೆ ಎತ್ತರ. ಎತ್ತಿದ ಕೈ ಅಕ್ಕನಿಗೆ ಕಾಣಲಿಲ್ಲ. ನನ್ನನ್ನು ಹುಡುಕಲು ಮುಳುಗಿದಳು. ಎದ್ದಳು, ಉಸಿರು ಸರಿಯಾಗಿ ಎಳೆದುಕೊಳ್ಳದೆ ಮತ್ತೆ ಮುಳುಗಿದಳು. ಆಮೇಲೆ ಅವಳ ತೇಲುಬುರುಡೆಯೊಂದೇ ನೀರ ಮೇಲೆ.
ಇವತ್ತು ಅಕ್ಕನ ಮಣ್ಣಾಯಿತು. ಅಳು ಬಂತು. ಬಾಯಿ ಎಡಕ್ಕಷ್ಟೇ ಎಳೆಯಿತು.
"ನೋಡೇ, ನಗ್ತಾಳೆ," ಯಾರೋ ಪಿಸುಗುಟ್ಟಿದರು.
ಅಕ್ಕನ ಮಗಳು ಯೊನ್‌ಸು ಎದ್ದು ಬಂದಳು. ಜನರಿಗೆ ನನ್ನ ಮುಖ ಕಾಣದ ಹಾಗೆ ಅಡ್ಡ ಕೂತಳು.
"ಅಮ್ಮ ಎರಡ್ನೇ ಸಲ ಮುಳುಗ್ದಾಗ ನೀವೆಲ್ಲಿದ್ರಿ ಚಿಕ್ಕಮ್ಮ?"
"ನಾಳೆ ಹೇಳ್ತೀನಿ ಕಣೇ."

ಜೂನ್ 10, ಬೆಳಿಗ್ಗೆ
ಯೊನ್‌ಸು ಬಂದು ಅಂಗಳದಲ್ಲಿ ಕೂತಿದ್ದಾಳೆ. ಹೇಳಿಬಿಡಬೇಕು. ನಾನು ಮೇಲೇ ಇದ್ದೆ. ಅಕ್ಕ ಎದ್ದಾಗ ಅವಳ ಬೆನ್ನು ನನ್ನ ಕಡೆ. ಕೂಗಿದೆ — ಗಾಳಿ ಎದುರು, ಅವಳ ಕಿವಿಯ ಮೇಲೆ ರಬ್ಬರ್ ಟೋಪಿ. ತುಟಿಯ ಬಲತುದಿಯನ್ನು ಬೆರಳಿಂದ ಒತ್ತಿ ಹಿಡಿದು ಊದಿದೆ. ಮತ್ತೆ ಊದಿದೆ. ಶಿಳ್ಳೆ ಬಂತು. ಜೋರಾಗೇ ಬಂತು. ಅಷ್ಟರಲ್ಲಿ ಅಕ್ಕ ಮತ್ತೆ ಮುಳುಗಿಬಿಟ್ಟಿದ್ದಳು.