ಬಾನೆಟ್ಟಿನ ಸಂದಿಯ ಗಾಳಿ

ಗೆಳೆಯ ಚಂದ್ರು,

ಆ ಭಾನುವಾರ ನೆನಪಿದೆಯೇನೋ? ಚಾಮರಾಜಪೇಟೆಯ ಮನೆ ಮುಂದೆ ನೀನು ನಿನ್ನ ಕಾರಿನ ಬಾನೆಟ್ಟಿನ ಹಿಂಬದಿ ಬೋಲ್ಟು ಬಿಚ್ಚಿ, ಅದು ಮೇಲೇಳಲೆಂದು ಅಡಿಯಲ್ಲಿ ವಾಷರುಗಳನ್ನು ಪೇರಿಸುತ್ತಿದ್ದೆ. ಗಾಜಿನ ಕಡೆ ಬೆರಳು ತೂರುವಷ್ಟು ಸಂದಿ. “ಇದೇನೋ, ಹಲ್ಲುಬ್ಬಿದ ಹಾಗಿದೆ” ಎಂದು ನಾನು ನಕ್ಕೆ. “ನಗು ಮಗಾ, ನಗು. ಟರ್ಬೋ ಗಾಳೀನ ಅದುಮಿ ಅದುಮಿ ಬಿಸಿ ಮಾಡುತ್ತೆ. ಮುಂದಿರೋ ಇಂಟರ್‌ಕೂಲರ್ ಅದನ್ನ ಆರಿಸಿ ಇಂಜಿನ್ನಿಗೆ ಕೊಡ್ಬೇಕು. ಅದರ ಮೂಲಕ ಬೀಸಿದ ಗಾಳಿಗೆ ಹೊರಗೆ ಹೋಗೋ ದಾರೀನೇ ಇಲ್ದಿದ್ರೆ ಏನ್ ಆರುತ್ತೆ, ನಿನ್ ತಲೆ?” ಎಂದಿದ್ದೆ ನೀನು.

ಮಾರನೆಯ ದಿನ ಸಿಗ್ನಲ್‌ನಲ್ಲಿ ನಿಂತಾಗ ಆ ಸಂದಿಯಿಂದ ಬಿಸಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಎದ್ದಿತು. ಹಸಿರು ದೀಪ ಬಂದರೆ ಕಾರು ಮೊದಲಿನಂತೆ ತೂಕಡಿಸಲಿಲ್ಲ. ಆಹಾ, ನಿನ್ನ ಮುಖವೋ! ನಾನು ಸೋತೆ ಅಂದುಕೊಂಡೆ. ಈಗ ನೋಡಿದರೆ…

ನೀನು ಕಣ್ಣು ಮುಚ್ಚಿದ ಮೇಲೆ ಒಂದು ದಿನ ಸುಮಾ ಅತ್ತಿಗೆ ಕರೆಸಿದರು. “ಶಿವಣ್ಣ, ಡ್ರೈವಿಂಗ್ ಕಲ್ತಿದೀನಿ. ಮಡಿಕೇರಿಗೆ ಅಕ್ಕನ ಮನೆಗೆ ನಾನೇ ಹೋಗ್ತೀನಿ. ಗಾಡಿ ಘಾಟಿ ಹತ್ತುತ್ತಾ ನೋಡಿಕೊಡಿ” ಎಂದರು. ಹೌದು ಕಣೋ, ನಿನ್ನ ಹೆಂಡತಿ ಕಾರು ಓಡಿಸುತ್ತಾರೆ! ಪ್ರತಿ ಬೇಸಿಗೆಯೂ “ಈ ಸಲ ಖಂಡಿತ ಮಡಿಕೇರಿ” ಎನ್ನುತ್ತಿದ್ದೆಯಲ್ಲ, ಆ ಮಡಿಕೇರಿಗೇ.

ಮೈಸೂರು ರಸ್ತೆಯಲ್ಲಿ ಓಡಿಸಿ ನೋಡಿದೆವು. ಊರು ದಾಟಿ ವೇಗ ಹಿಡಿಯುತ್ತಲೇ ಲಾರಿಯೊಂದನ್ನು ಹಿಂದೆ ಹಾಕಲು ಹೋದರೆ ಕಾರು ಎಳೆಯಲೇ ಇಲ್ಲ. ಎದುರಿಗೆ ಬಸ್ಸು. ಓಡಿಸುತ್ತಿದ್ದ ಅತ್ತಿಗೆ ಹೇಗೋ ಲಾರಿಯ ಹಿಂದಕ್ಕೆ ಸರಿದರು. ನಿಲ್ಲಿಸಿ, ಇಂಟರ್‌ಕೂಲರಿನಿಂದ ಇಂಜಿನ್ನಿಗೆ ಹೋಗುವ ಕೊಳವೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಗಾಳಿ ಎತ್ತ ಹೋಗುತ್ತಿದೆ? ಅತ್ತಿಗೆಯ ಚೀಲದಲ್ಲಿ ಗಾಂಧಿ ಬಜಾರಿನ ಹೂವಿತ್ತು. ಅದರ ಬಾಳೆನಾರು ಸೀಳಿ ಸಂದಿಯುದ್ದಕ್ಕೂ ಅಂಟಿಸಿದೆ. ಕಾರು ನಿಂತಾಗ ನಾರುಗಳು ಬಿಸಿಗೆ ಮೇಲೆದ್ದು ನಡುಗುತ್ತಿದ್ದವು. ಮತ್ತೆ ಹೊರಟು ವೇಗ ಹೆಚ್ಚಿದಂತೆ ಒಂದೊಂದೇ ಒಳಗೆ ಸೇದಿಹೋದವು. ಒಳಗೆ ಚಂದ್ರು, ಒಳಗೆ! ಗಾಜಿಗೆ ಬಡಿದ ಗಾಳಿ ನಿನ್ನ ಸಂದಿಯಿಂದಲೇ ನುಗ್ಗಿ, ಮುಂದಿನಿಂದ ಬರುವ ಗಾಳಿಗೆ ಎದುರಾಗಿ ನಿಲ್ಲುತ್ತಿತ್ತು. ನಮ್ಮೂರ ಕಣದಲ್ಲಿ ರಾಗಿ ತೂರುವಾಗ ಗಾಳಿ ತಿರುಗಿ ಹೊಟ್ಟೆಲ್ಲ ನಮ್ಮ ಕಣ್ಣಿಗೇ ಬೀಳುತ್ತಿತ್ತಲ್ಲ, ಹಾಗೆ.

ಅಲ್ಲೇ ಮರದಡಿ ವಾಷರು ತೆಗೆದು ಬಾನೆಟ್ಟು ಕೂರಿಸಿದೆ. ಮತ್ತೆ ಓಡಿಸಿದರೆ ಕೊಳವೆ ಬೆಚ್ಚಗಿದೆ ಅಷ್ಟೆ. ಕಾರು ಚಿಮ್ಮಿತು. ನಾನು ಹಿಗ್ಗಿ, “ನೋಡಿ ಅತ್ತಿಗೆ, ಆ ಸಂದಿ ನಿಂತು ನಿಂತು ಹೋಗೋ ಪೇಟೆಗೆ ಸರಿ, ಘಾಟಿಗಲ್ಲ” ಎಂದುಬಿಟ್ಟೆ. ಬಾಯಿಗೆ ಬೀಗ ಹಾಕಬೇಕಿತ್ತು.

ಅವರು ಕಾರು ಪಕ್ಕಕ್ಕೆ ನಿಲ್ಲಿಸಿದರು. “ಅಂದ್ರೆ ಅವ್ರು ಪೇಟೆಗೇ ಅಂತ ಮಾಡಿದ್ರಾ? ಮಡಿಕೇರಿಗೆ ಹೋಗೋ ಮನಸ್ಸೇ ಇರ್ಲಿಲ್ವಾ, ಶಿವಣ್ಣ?”

ಗಾಳಿಯ ವಿಷಯದಲ್ಲಿ ನನಗೆ ಪಾಠ ಹೇಳಿದವನು ನೀನು. ವೇಗದಲ್ಲಿ ಅದು ತಿರುಗುತ್ತದೆಂದು ನಿನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಆ ಖಂಡಿತಗಳೆಲ್ಲ ಏನು? ಗೊತ್ತಿರಲಿಲ್ಲವೆಂದರೆ ಅಷ್ಟೆಲ್ಲ ಮಾತಾಡುತ್ತಿದ್ದವನು… ನಿನ್ನನ್ನು ದಡ್ಡನನ್ನಾಗಿ ಮಾಡಲೇ, ಸುಳ್ಳುಗಾರನನ್ನಾಗಿ ಮಾಡಲೇ? ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಅವನಿಗೆಲ್ಲಿ ಗೊತ್ತಿತ್ತು ಅತ್ತಿಗೆ! ಬರೀ ಬಾಯಿ. ಅದೇ ಸಂದಿ ಇಟ್ಕೊಂಡು ಘಾಟಿ ಹತ್ತಿಸ್ತೀನಿ ಅಂತಿದ್ದ” ಎಂದೆ. ನೀನು ಹಾಗೆ ಅಂದಿದ್ದೆಯೋ ಇಲ್ಲವೋ, ನನಗೀಗಲೂ ಸರಿಯಾಗಿ ನೆನಪಿಗೆ ಬರುತ್ತಿಲ್ಲ.

ನಿನ್ನೆ ಮಡಿಕೇರಿಯಿಂದ ಫೋನು ಬಂತು. “ಬಂದು ಸೇರಿದೆ ಶಿವಣ್ಣ. ಎಲ್ಲೂ ನಿಲ್ಲದೆ ಹತ್ತಿಬಿಡ್ತು” ಎಂದರು. ಆಮೇಲೆ, “ಅವ್ರು ದಡ್ಡರು ಅಷ್ಟೇ ಅಂತ ಗೊತ್ತಾಯ್ತಲ್ಲ, ಸಮಾಧಾನ ಆಯ್ತು” ಎಂದು ನಕ್ಕರು. ನೀನು ಹೋದ ಮೇಲೆ ಅವರ ಆ ನಗು ಕೇಳಿದ್ದು ಇದೇ ಮೊದಲು.

ಇನ್ನು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಸಿಟ್ಟಾಗಬೇಡ.

ನಿನ್ನ,
ಶಿವಣ್ಣ